ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ

(ಬಸದಿಯ ಧಾಮಸಂಪ್ರೋಕ್ಷಣ ಹಾಗೂ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

  

ಆಗಮದ ವಿಷಯವಾಗಿ ಮಾತನಾಡಲು ಇಲ್ಲಿ ಪಂಡಿತರಿದ್ದಾರೆ. ಮೆಟ್ರಿಕ್ಯುಲೇಶನ್ನಿಗೆ ಓದನ್ನು ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ನಾನು. ಕೀರ್ದಿ, ಖಾತೆ, ಜಮೆ, ಖರ್ಚು, ಶಿಲ್ಕು ಇವೇ ನನ್ನ ಪಾಠಗಳು. ಆದುದರಿಂದ ಸಮಿತಿಯವರು ನನಗೂ ಅರ್ಧ ಗಂಟೆ ಕೊಟ್ಟಾಗ, ನನಗೆ ತಿಳಿದ ಲೆಕ್ಕದ ದಾರಿಯಿಂದಲೇ ಶಾಸ್ತ್ರದ ಬಾಗಿಲಿಗೆ ಬರುವುದು ಲೇಸೆಂದು ತೋರಿತು. ನಮ್ಮ ಗ್ರಂಥಗಳಲ್ಲಿರುವ ಒಂದೇ ಒಂದು ಸಂಖ್ಯೆಯನ್ನು ಕುರಿತು ಇಂದು ಮಾತನಾಡುತ್ತೇನೆ. ಅದು ಇದು:

79,22,81,62,51,42,64,33,75,93,54,39,50,336

ಇದರಲ್ಲಿ ಇಪ್ಪತ್ತೊಂಬತ್ತು ಅಂಕಗಳಿವೆ. ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಶಾಸ್ತ್ರವು ಹೇಳುವುದು ಇದನ್ನೇ. ಇಂಥ ಸಂಖ್ಯೆ ಕಿವಿಗೆ ಬಿದ್ದೊಡನೆ ನಮ್ಮವರಲ್ಲಿ ಇಬ್ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು ಕೈಮುಗಿದು "ಅಸಂಖ್ಯಾತ" ಎಂದುಬಿಡುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು, ವಿಶ್ವಸಂಸ್ಥೆಯ ಲೆಕ್ಕದಂತೆ ಲೋಕದ ಜನಸಂಖ್ಯೆ 2022ರಲ್ಲಿ ಎಂಟುನೂರು ಕೋಟಿ ಮುಟ್ಟಿತು, ಅದಕ್ಕೆ ಹತ್ತೇ ಅಂಕ ಸಾಕು, ಉಳಿದ ಹತ್ತೊಂಬತ್ತು ಅಂಕಗಳ ಜನ ಎಲ್ಲಿದ್ದಾರೆ ಎಂದು ನಗುತ್ತಾರೆ. ಮಕ್ಕಳ ಪ್ರಶ್ನೆಗೆ ಉತ್ತರವಿದೆ. ಶಾಸ್ತ್ರವು ಎಣಿಸುವುದು ಎರಡೂವರೆ ದ್ವೀಪಗಳ ಮನುಷ್ಯಲೋಕವನ್ನು, ಭೂಗೋಳದ ನಕ್ಷೆಯನ್ನಲ್ಲ. ಅದು ಶ್ರದ್ಧೆಯ ವಿಷಯ. ಅದನ್ನು ಪೂಜ್ಯರಿಗೆ ಬಿಡುತ್ತೇನೆ. ಹಿರಿಯರ ಮಾತಿಗೆ ಮಾತ್ರ ನಾನು ವಿನಯದಿಂದಲೇ ಅಡ್ಡ ನಿಲ್ಲಬೇಕಾಗಿದೆ. ನಮ್ಮ ಆಚಾರ್ಯರು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ರಾಶಿಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಈ ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆ ಮೊದಲನೆಯ ರಾಶಿಗೆ, ಸಂಖ್ಯಾತಕ್ಕೆ, ಸೇರಿದ್ದು. ಎಣಿಸಿದ್ದನ್ನು ಎಣಿಸಲಾಗದ್ದು ಎಂದು ಕರೆಯುವುದು ಭಕ್ತಿಯಂತೆ ಕಂಡರೂ ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ಇನ್ನು ಈ ಸಂಖ್ಯೆ ಹುಟ್ಟಿದ ಬಗೆಯನ್ನು ನೋಡೋಣ. ಎರಡನ್ನು ವರ್ಗ ಮಾಡಿದರೆ ನಾಲ್ಕು. ನಾಲ್ಕನ್ನು ವರ್ಗ ಮಾಡಿದರೆ ಹದಿನಾರು. ಅದರ ವರ್ಗ 256. ಅದರ ವರ್ಗ 65,536. ಹೀಗೆ ಎರಡರಿಂದ ಹೊರಟು ವರ್ಗದ ಮೇಲೆ ವರ್ಗ ಮಾಡುತ್ತ ಹೋಗುವ ಸಾಲಿಗೆ ದ್ವಿರೂಪ ವರ್ಗಧಾರೆ ಎಂದು ಹೆಸರು. ನಾಲ್ಕನೆಯ ವರ್ಗವಾದ 65,536ಕ್ಕೆ ಪಣ್ಣಟ್ಠಿ ಎನ್ನುತ್ತಾರೆ. ಪ್ರಾಕೃತದಲ್ಲಿ ಅದು ಅರವತ್ತೈದು, ಅಂದರೆ ಆ ಸಂಖ್ಯೆಯ ಮೊದಲ ಎರಡು ಅಂಕಗಳು. ಐದನೆಯ ವರ್ಗ 4,29,49,67,296. ಇದರ ಹೆಸರು ಬಾದಾಲ, ಅಂದರೆ ನಲವತ್ತೆರಡು. ಇಲ್ಲಿಯೂ ಆದಿಯ ಅಂಕಗಳೇ ಹೆಸರಾಗಿವೆ. ಆರನೆಯ ವರ್ಗ 1,84,46,74,40,73,70,95,51,616. ಇದನ್ನು ಏಕಟ್ಠಿ ಎನ್ನುತ್ತಾರೆ. ನಾವು ಅಂಗಡಿಯಲ್ಲಿ ದೊಡ್ಡ ಬಿಲ್ಲನ್ನು ಅದರ ಮೊದಲ ಅಂಕಗಳಿಂದ ಗುರುತಿಸುವಂತೆಯೇ ಇದೆಯಲ್ಲವೆ? ಬಾದಾಲವನ್ನು ಬಾದಾಲದಿಂದ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ಬಾದಾಲದಿಂದಲೇ ಗುಣಿಸಿದರೆ, ಅಂದರೆ ಬಾದಾಲದ ಘನವನ್ನು ತೆಗೆದರೆ, ಮೇಲೆ ಹೇಳಿದ ಇಪ್ಪತ್ತೊಂಬತ್ತು ಅಂಕಗಳು ಬರುತ್ತವೆ.

ಇದನ್ನೇ ಇನ್ನೊಂದು ರೀತಿಯಲ್ಲಿಯೂ ಹೇಳಿದ್ದಾರೆ. ಒಂದು ರಾಶಿಯನ್ನು ಅರ್ಧ, ಅರ್ಧದ ಅರ್ಧ ಎಂದು ಎಷ್ಟು ಸಲ ಸಮನಾಗಿ ಭಾಗಿಸುತ್ತ ಹೋದರೆ ಒಂದು ಉಳಿಯುವುದೋ ಅಷ್ಟು ಸಲವು ಆ ರಾಶಿಯ ಅರ್ಧಚ್ಛೇದ. ಹದಿನಾರರ ಅರ್ಧಚ್ಛೇದ ನಾಲ್ಕು. ಬಾದಾಲದ ಅರ್ಧಚ್ಛೇದ 32. ಎರಡು ರಾಶಿಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಿದರೆ ಸಾಕೆಂಬ ನಿಯಮವೂ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿದೆ. ಬಾದಾಲವನ್ನು ಮೂರು ಸಲ ಗುಣಿಸಿದುದರಿಂದ ನಮ್ಮ ಸಂಖ್ಯೆಯ ಅರ್ಧಚ್ಛೇದ 32ರ ಮೂರರಷ್ಟು, ಅಂದರೆ 96. ಗುಣಾಕಾರದ ಬೆಟ್ಟವನ್ನು ಕೂಡುವ ಲೆಕ್ಕದ ಮೆಟ್ಟಿಲಿನಿಂದ ಹತ್ತುವ ಈ ಉಪಾಯ ಯುರೋಪಿನಲ್ಲಿ ನೇಪಿಯರನು 1614ರಲ್ಲಿ ಪ್ರಕಟಿಸಿದ ಲಾಗರಿತಮ್ಮಿನ ಮೂಲತತ್ತ್ವವೇ ಆಗಿದೆ. ಧವಲೆ ಮುಗಿದದ್ದು ಕ್ರಿ.ಶ. 816ರಲ್ಲಿ. ಹಾಗೆಂದು ಲಾಗರಿತಮ್ಮನ್ನು ನಾವೇ ಕಂಡುಹಿಡಿದೆವೆಂದು ವೇದಿಕೆಯಲ್ಲಿ ಘೋಷಿಸುವುದು ನನಗೆ ಸರಿ ಕಾಣುವುದಿಲ್ಲ. ನೇಪಿಯರನು ಪುಟಗಟ್ಟಲೆ ಕೋಷ್ಟಕಗಳನ್ನು ಮಾಡಿ ಅದನ್ನು ನಾವಿಕರಿಗೂ ಖಗೋಳಜ್ಞರಿಗೂ ದಿನಬಳಕೆಯ ಸಾಧನವಾಗಿಸಿದನು. ವೀರಸೇನರಿಗೆ ಬೇಕಾಗಿದ್ದುದು ಜೀವರಾಶಿಯ ಪ್ರಮಾಣ. ಅವರವರ ಕೀರ್ತಿ ಅವರವರಿಗೆ ಸಲ್ಲಲಿ.

ಅರ್ಧಚ್ಛೇದ 96 ಎಂಬುದರಲ್ಲಿ ಒಂದು ಸ್ವಾರಸ್ಯವಿದೆ. ಆರನೆಯ ವರ್ಗದ ಅರ್ಧಚ್ಛೇದ 64, ಏಳನೆಯ ವರ್ಗದ್ದು 128. 96 ಇವೆರಡರ ನಟ್ಟನಡುವೆ ನಿಲ್ಲುತ್ತದೆ. ಅಂದರೆ ನಮ್ಮ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ, ಆರನೆಯ ಮತ್ತು ಏಳನೆಯ ವರ್ಗಗಳನ್ನು ಪರಸ್ಪರ ಗುಣಿಸಿದರೂ ಬರುವ ಫಲ ಒಂದೇ. ಅಲ್ಲದೆ ಇದು ಘನಸಂಖ್ಯೆಯಾಗಿರುವಂತೆ ವರ್ಗಸಂಖ್ಯೆಯೂ ಹೌದು. ಇದರ ವರ್ಗಮೂಲ 28,14,74,97,67,10,656. ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರಲ್ಲಿ ಮುಕ್ಕಾಲು ಪಾಲು ಸ್ತ್ರೀಯರೆಂದು ಹೇಳಿದೆ. ಬೇರೆ ಯಾವುದೋ ಸಂಖ್ಯೆಯಾಗಿದ್ದರೆ ಮುಕ್ಕಾಲು ಮಾಡುವಾಗ ಅರೆಕಾಸು ಉಳಿಯುತ್ತಿತ್ತು. ತೊಂಬತ್ತಾರು ಸಲ ಅರ್ಧವಾಗುವ ಈ ಸಂಖ್ಯೆಯಲ್ಲಿ ಶೇಷವಿಲ್ಲದೆ ಪಾಲಾಗುತ್ತದೆ.

ಗೊಮ್ಮಟಸಾರದ ಹೆಸರು ಬಂದಿತು. ಅದನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳು ಎಂಬುದನ್ನು ತಾವೆಲ್ಲರೂ ಬಲ್ಲಿರಿ. 1359ರಲ್ಲಿ ಕೇಶವವರ್ಣಿಗಳು ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದರು. ಆ ಗ್ರಂಥದ ಜೀವಕಾಂಡದಲ್ಲಿ ಈ ಇಡೀ ಸಂಖ್ಯೆಯನ್ನು ಒಂದು ಪ್ರಾಕೃತ ಗಾಹೆಯೊಳಗೆ ಅಡಕಮಾಡಿದ್ದಾರೆ. ಅಂಕಗಳ ಬದಲಿಗೆ ಅಕ್ಷರಗಳು. ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು, ಟಕಾರದಿಂದ ಧಕಾರದವರೆಗೆ ಮತ್ತೆ ಒಂದರಿಂದ ಒಂಬತ್ತು, ಪಕಾರದಿಂದ ಮಕಾರದವರೆಗೆ ಒಂದರಿಂದ ಐದು, ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು, ನಕಾರ ಸೊನ್ನೆ. ಬಲದಿಂದ ಎಡಕ್ಕೆ, ಅಂದರೆ ಬಿಡಿಸ್ಥಾನದಿಂದ ಮೇಲಕ್ಕೆ ಓದಬೇಕು. ಗಾಹೆಯ ಮೊದಲ ಅಕ್ಷರ ತಕಾರ, ಅದು ಆರು. ನಮ್ಮ ಸಂಖ್ಯೆಯ ಕೊನೆಯ ಅಂಕವೂ ಆರು. ಸಂಖ್ಯೆಯನ್ನು ಹೇಳುವ ಭಾಗದ ಕೊನೆಯ ಅಕ್ಷರ ಸಕಾರ, ಅದು ಏಳು. ನಮ್ಮ ಸಂಖ್ಯೆ ಏಳರಿಂದ ಮೊದಲಾಗುತ್ತದೆ. ಇಪ್ಪತ್ತೊಂಬತ್ತು ಸ್ಥಾನಗಳಲ್ಲಿ ಸೊನ್ನೆ ಇರುವುದು ಒಂದೇ ಕಡೆ, ಅಲ್ಲಿ ನಕಾರವಿದೆ. ನಾನು ಒಂದೊಂದಾಗಿ ಇಟ್ಟು ನೋಡಿದ್ದೇನೆ. ಒಂದು ಅಂಕವೂ ಆಚೀಚೆ ಇಲ್ಲ.

ವ್ಯಾಪಾರಿಗೆ ಇದು ಏಕೆ ಆಶ್ಚರ್ಯವೆನಿಸುತ್ತದೆ ಎಂಬುದನ್ನು ಹೇಳಬೇಕು. ಅಂಕಗಳನ್ನು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಏರಿಸುವಾಗ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು? ಗುಮಾಸ್ತನು 543 ಎಂಬುದನ್ನು 534 ಎಂದು ಬರೆಯುತ್ತಾನೆ. ವರ್ಷದ ಕೊನೆಗೆ ಖಾತೆ ತಾಳೆಯಾಗುವುದಿಲ್ಲ. ಅಂತರವು ಒಂಬತ್ತರಿಂದ ಭಾಗವಾಗುವುದಾದರೆ, ಎಲ್ಲಿಯೋ ಅಂಕಗಳು ಅದಲು ಬದಲಾಗಿವೆ ಎಂದು ಹಳೆಯ ಗುಮಾಸ್ತರು ಊಹಿಸಿ ಹುಡುಕುತ್ತಿದ್ದರು. ಐದಾರು ಅಂಕಗಳ ಮೊಬಲಗಿಗೇ ಈ ಗತಿಯಾದರೆ, ಇಪ್ಪತ್ತೊಂಬತ್ತು ಅಂಕಗಳನ್ನು ತಾಳೆಗರಿಯಿಂದ ತಾಳೆಗರಿಗೆ, ಶತಮಾನದಿಂದ ಶತಮಾನಕ್ಕೆ ಪ್ರತಿ ಮಾಡುವುದೆಂದರೆ ಏನು! ಅಂಕವನ್ನು ಬರೆದಿದ್ದರೆ ತಪ್ಪು ನುಸುಳುವುದು ಸುಲಭ. ಅಕ್ಷರವಾದರೆ ಛಂದಸ್ಸು ಕಾಯುತ್ತದೆ, ಬಾಯಿಪಾಠ ಕಾಯುತ್ತದೆ.

ಆದರೂ ಬಾಯಿಯನ್ನು ಮಾತ್ರ ನಂಬಬೇಕಾಗಿಲ್ಲ. ಸಂಖ್ಯೆಯೇ ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಮೊದಲನೆಯದು ಒಂಬತ್ತರ ತಾಳೆ. ಎರಡನ್ನು ಆರು ಸಲ ಗುಣಿಸಿದರೆ 64. ಅದನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. 96 ಎಂದರೆ ಆರರ ಹದಿನಾರರಷ್ಟು. ಆದಕಾರಣ ನಮ್ಮ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೂ ಒಂದೇ ಉಳಿಯಬೇಕು. ಇಪ್ಪತ್ತೊಂಬತ್ತು ಅಂಕಗಳನ್ನು ಕೂಡಿ ನೋಡಿರಿ, 127 ಬರುತ್ತದೆ. ಅದರಲ್ಲಿ 126 ಕಳೆದರೆ ಒಂದು. ಸರಿಹೋಯಿತು. ಆದರೆ ಅದಲು ಬದಲಾದ ಅಂಕಗಳನ್ನು ಒಂಬತ್ತರ ತಾಳೆ ಹಿಡಿಯಲಾರದು, ಮೊತ್ತ ಹಾಗೆಯೇ ಇರುವುದರಿಂದ. ಅದಕ್ಕೆ ಹನ್ನೊಂದರ ತಾಳೆ ಬೇಕು. ಬಲದಿಂದ ಒಂದು ಬಿಟ್ಟು ಒಂದು ಅಂಕವನ್ನು ಕೂಡಿದರೆ 79, ನಡುವೆ ಬಿಟ್ಟವನ್ನು ಕೂಡಿದರೆ 48, ಅಂತರ 31, ಹನ್ನೊಂದರಿಂದ ಭಾಗಿಸಿದರೆ ಶೇಷ ಒಂಬತ್ತು. ಅತ್ತ ಎರಡರ ಹತ್ತನೆಯ ಘಾತವಾದ 1024ನ್ನು ಹನ್ನೊಂದರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ, 96ರಲ್ಲಿ 90 ಬಿಟ್ಟು ಆರನೆಯ ಘಾತವನ್ನಷ್ಟೇ ನೋಡಿದರೆ ಸಾಕು: 64ನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ ಒಂಬತ್ತು. ಇದೂ ತಾಳೆಯಾಯಿತು. ಅಕ್ಕಪಕ್ಕದ ಅಂಕಗಳು ಸ್ಥಾನ ಬದಲಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತವೆ.

ಒಂದು ಸ್ಥಾನ ಬಿಟ್ಟು ಆಚೆಯ ಅಂಕದೊಡನೆ ಅದಲು ಬದಲಾಗಿದ್ದರೆ? ಆಗ ಅಂತರವು 99ರ ಗುಣಕವಾಗುತ್ತದೆ. 99ನ್ನು ಒಂಬತ್ತೂ ಭಾಗಿಸುತ್ತದೆ, ಹನ್ನೊಂದೂ ಭಾಗಿಸುತ್ತದೆ. ಎರಡು ಸಾಕ್ಷಿಗಳ ಕಣ್ಣಿಗೂ ಆ ತಪ್ಪು ಬೀಳದು. ಮೂರನೆಯ ಸಾಕ್ಷಿಯಾಗಿ 97 ಬರುತ್ತದೆ. ಫ್ರಾನ್ಸಿನ ಫರ್ಮಾ ಎಂಬ ನ್ಯಾಯಾಧಿಕಾರಿ 1640ರಲ್ಲಿ ಒಂದು ಪತ್ರದಲ್ಲಿ ತಿಳಿಸಿದ ನಿಯಮವೊಂದಿದೆ. ಅವಿಭಾಜ್ಯ ಸಂಖ್ಯೆಯೊಂದನ್ನು ತೆಗೆದುಕೊಂಡು, ಅದಕ್ಕಿಂತ ಒಂದು ಕಡಿಮೆಯಾದಷ್ಟು ಸಲ ಎರಡನ್ನು ಗುಣಿಸಿದರೆ, ಬಂದ ಫಲವನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ಒಂದು ಉಳಿಯುತ್ತದೆ. (ಅವಿಭಾಜ್ಯವು ಎರಡೇ ಆಗಿರಬಾರದು, ಅಷ್ಟೆ.) 97 ಅವಿಭಾಜ್ಯ, ಅದಕ್ಕಿಂತ ಒಂದು ಕಡಿಮೆ 96. ಆದುದರಿಂದ ನಮ್ಮ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು.

ಈ ಭಾಗಾಕಾರಕ್ಕೆ ಯಂತ್ರ ಬೇಡ, ಒಂದು ಹಾಳೆ ಸಾಕು. ನೂರನ್ನು 97ರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಹಾಗಾಗಿ ಸಂಖ್ಯೆಯನ್ನು ಬಲದಿಂದ ಎರಡೆರಡು ಅಂಕಗಳಾಗಿ ಬಿಡಿಸಿ, ಎಡದಿಂದ ಹೊರಟು, ಇದ್ದದ್ದನ್ನು ಮೂರರಿಂದ ಗುಣಿಸಿ ಮುಂದಿನ ಜೋಡಿಯನ್ನು ಕೂಡುತ್ತ, 97 ಮೀರಿದಾಗ ಕಳೆಯುತ್ತ ಹೋಗಬೇಕು. ಮೊದಲು 7, ಮೂರೇಳು 21, ಅದಕ್ಕೆ 92 ಸೇರಿ 113, 97 ಕಳೆದು 16. ಹದಿನಾರು ಮೂರಲೆ 48, ಅದಕ್ಕೆ 28 ಸೇರಿ 76. ಹೀಗೆಯೇ ಸಾಗಿ ಕೊನೆಯ ಮೆಟ್ಟಿಲಿನಲ್ಲಿ 53 ಉಳಿಯುತ್ತದೆ. ಅದರ ಮೂರರಷ್ಟು 159, ಕೊನೆಯ ಜೋಡಿ 36 ಸೇರಿ 195. ಎರಡು ತೊಂಬತ್ತೇಳು 194 ಕಳೆದರೆ ಒಂದು. ಹತ್ತನೆಯ ಶತಮಾನದ ಗಾಹೆ ಹದಿನೇಳನೆಯ ಶತಮಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಮೊದಲ ಬಾರಿ ಹಾಳೆಯ ತುದಿಯಲ್ಲಿ ಆ ಒಂದನ್ನು ಕಂಡಾಗ ನನಗಾದ ಸಂತೋಷ, ವರ್ಷದ ಲೆಕ್ಕ ಪೈಸೆಯೂ ತಪ್ಪದೆ ತಾಳೆಯಾದಾಗಿನ ಸಂತೋಷಕ್ಕಿಂತ ಕಡಿಮೆಯದಲ್ಲ.

ಈವರೆಗೆ ಅಂಕಗಳು ಸರಿಯಾಗಿ ಉಳಿದುಬಂದಿವೆ ಎಂದು ತೋರಿಸಿದೆ. ಆದರೆ ಅಂಕ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯೆಂದಾಗದು. ಇಲ್ಲಿ ಒಂದು ಗಂಭೀರವಾದ ವಿಷಯವಿದೆ. ನಮ್ಮ ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಷಟ್ಖಂಡಾಗಮದ ಸೂತ್ರವು ಪರ್ಯಾಪ್ತ ಮನುಷ್ಯರ ಸಂಖ್ಯೆಗೆ ಎಲ್ಲೆಯನ್ನು ಕಟ್ಟಿದೆ: ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ; ಕೋಟಿಯನ್ನು ಮೂರು ಸಲ ಇಟ್ಟು ಗುಣಿಸಿದ್ದಕ್ಕಿಂತ ಹೆಚ್ಚು, ನಾಲ್ಕು ಸಲ ಇಟ್ಟು ಗುಣಿಸಿದ್ದಕ್ಕಿಂತ ಕಡಿಮೆ. ಕೋಟಿಯನ್ನು ನಾಲ್ಕು ಸಲ ಗುಣಿಸಿದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ. ಅದೂ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯೇ. ಆದರೆ ನಮ್ಮ ಸಂಖ್ಯೆ ಏಳರಿಂದ ಮೊದಲಾಗುವುದರಿಂದ ಅದಕ್ಕಿಂತ ಸುಮಾರು ಎಂಟರಷ್ಟು ದೊಡ್ಡದು! ವರ್ಗಗಳ ಎಲ್ಲೆಯೊಳಗೆ ನಿಲ್ಲುತ್ತದೆ, ಕೋಟಿಗಳ ಎಲ್ಲೆಯನ್ನು ದಾಟುತ್ತದೆ.

ಈ ತೊಡಕನ್ನು ಇಂದಿನ ವಿಮರ್ಶಕರು ಮೊದಲು ಕಂಡುಹಿಡಿದದ್ದಲ್ಲ. ವೀರಸೇನಾಚಾರ್ಯರೇ ಇದನ್ನು ಗಮನಿಸಿದ್ದರು. ಧವಲೆಯ ಗಣಿತವನ್ನು ಕುರಿತು ಲಕ್ನೋ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗರು ಬರೆದ ಪ್ರಬಂಧದಲ್ಲಿ ಇದನ್ನು ತಿಳಿಸಿದ್ದಾರೆ. ಮನುಷ್ಯಲೋಕದ ಕ್ಷೇತ್ರಫಲವನ್ನು ಲೆಕ್ಕ ಹಾಕಿ, ಅಷ್ಟು ದೊಡ್ಡ ಸಂಖ್ಯೆಯ ಮನುಷ್ಯರು ಆ ಕ್ಷೇತ್ರದಲ್ಲಿ ಹಿಡಿಯುವುದಿಲ್ಲವೆಂದು ತೋರಿಸಿ ವೀರಸೇನರು ಆ ಸಂಖ್ಯೆಯನ್ನು ನಿರಾಕರಿಸಿದರು. ಹೀಗಿದ್ದೂ, ಸುಮಾರು ನೂರ ಅರವತ್ತು ವರ್ಷಗಳ ತರುವಾಯ ಧವಲೆಯ ಸಾರವನ್ನೇ ಸಂಗ್ರಹಿಸಿದ ನೇಮಿಚಂದ್ರರು ಅದೇ ಸಂಖ್ಯೆಯನ್ನು ಗಾಹೆಯಲ್ಲಿಟ್ಟರು. ಯಾರು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಒಬ್ಬ ಮುನಿಗಳು ಪರಂಪರೆಯಿಂದ ಬಂದ ಸಂಖ್ಯೆಯನ್ನು ಕೈಗೆತ್ತಿಕೊಂಡು, ಜಾಗ ಎಷ್ಟಿದೆ, ಜನ ಎಷ್ಟು ಹಿಡಿಯುತ್ತಾರೆ ಎಂದು ಅಳೆದು ನೋಡಿದರಲ್ಲ, ಅದು ನನಗೆ ಆ ಇಪ್ಪತ್ತೊಂಬತ್ತು ಅಂಕಗಳಿಗಿಂತಲೂ ದೊಡ್ಡದೆನಿಸುತ್ತದೆ. ಪ್ರಶ್ನೆ ಕೇಳುವ ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವ ಹಿರಿಯರು ಇದನ್ನು ನೆನೆಯಬೇಕು. ಆ ಧವಲೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು.

ವೀರಸೇನರ ಶಿಷ್ಯ ಜಿನಸೇನರನ್ನು ಗೌರವಿಸಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು. 2,79,94,681ನ್ನು 441ರಿಂದ ಗುಣಿಸಿದರೆ 12345654321 ಎಂದು, ಆರಕ್ಕೆ ಏರಿ ಒಂದಕ್ಕೆ ಇಳಿಯುವ ಹಾರದಂಥ ಸಂಖ್ಯೆ ಬರುವ ಲೆಕ್ಕ ಅದರಲ್ಲಿದೆ. ಮಕ್ಕಳಿಗೆ ಕೊಟ್ಟು ನೋಡಿರಿ, ಮೊಬೈಲನ್ನು ಕೆಳಗಿಟ್ಟು ಕುಳಿತುಕೊಳ್ಳುತ್ತಾರೆ.

ಮತ್ತೆ ನಮ್ಮ ಸಂಖ್ಯೆಗೆ ಬರೋಣ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಂದು, ಎರಡು, ನಾಲ್ಕು, ಎಂಟು ಹೀಗೆ ಒಟ್ಟು ತೊಂಬತ್ತೇಳು. ತನ್ನನ್ನು ಬಿಟ್ಟು ಉಳಿದ ತೊಂಬತ್ತಾರು ಭಾಜಕಗಳನ್ನು ಕೂಡಿದರೆ ತನಗಿಂತ ಸರಿಯಾಗಿ ಒಂದು ಕಡಿಮೆಯಾದ ಮೊತ್ತ ಬರುತ್ತದೆ. ಎರಡಲ್ಲದೆ ಬೇರಾವ ಅವಿಭಾಜ್ಯವೂ ಈ ಸಂಖ್ಯೆಯೊಳಗಿಲ್ಲ. ಆದರೆ ಒಂದನ್ನು ಕಳೆದು ನೋಡಿರಿ, ಚಿತ್ರವೇ ಬದಲಾಗುತ್ತದೆ. ಆಗ ಅದನ್ನು 3, 5, 7, 13, 17, 97, 193, 241, 257, 673, 65537 ಮತ್ತು 2,22,53,377 ಈ ಹನ್ನೆರಡು ಅವಿಭಾಜ್ಯಗಳು ಭಾಗಿಸುತ್ತವೆ. ಮೂರು ಮಾತ್ರ ಎರಡು ಸಲ. ಇವುಗಳಲ್ಲಿ 65537 ಎಂಬುದು ಪಣ್ಣಟ್ಠಿಗೆ ಒಂದು ಕೂಡಿಸಿದ್ದು. ಬಾದಾಲಕ್ಕೆ ಒಂದು ಕೂಡಿಸಿದರೆ ಅದೂ ಅವಿಭಾಜ್ಯವಾಗುತ್ತದೆಂದು ಫರ್ಮಾ ನಂಬಿದ್ದನು. 1732ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞನು ಅದು 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿ ಆ ನಂಬಿಕೆಯನ್ನು ಮುರಿದನು. ದೊಡ್ಡವರ ಮಾತನ್ನೂ ಭಾಗಿಸಿ ನೋಡುವ ಪದ್ಧತಿ ಅಲ್ಲಿಯೂ ಇತ್ತು.

ಆ ಒಂದು ಕಡಿಮೆಯಾದ ಸಂಖ್ಯೆ, ಅಂದರೆ 335ರಲ್ಲಿ ಮುಗಿಯುವ ಸಂಖ್ಯೆ, ಈಗ ಅಂಗಡಿಗಳ ಒಳಗೂ ಬಂದಿದೆ. ಬಿಲ್ಲು ಹಾಕುವ ಅನೇಕ ತಂತ್ರಾಂಶಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಡಾಟ್‌ನೆಟ್ ಎಂಬ ವ್ಯವಸ್ಥೆಯಲ್ಲಿ ಬರೆಯುತ್ತಾರೆ. ಅದರಲ್ಲಿ ಹಣದ ಲೆಕ್ಕಕ್ಕೆಂದು ಬಳಸುವ 'ಡೆಸಿಮಲ್' ಎಂಬ ಬಗೆಯ ಸಂಖ್ಯೆಗೆ ಒಂದು ಗರಿಷ್ಠ ಮಿತಿಯಿದೆ. ಆ ಮಿತಿ ನಮ್ಮ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ. ಮಿತಿ ಅಲ್ಲಿಗೇ ಏಕೆ ನಿಂತಿತು? ಗಣಕಯಂತ್ರವು 32 ಮನೆಗಳ ಮೂರು ಕಂಬಗಳಲ್ಲಿ ಆ ಸಂಖ್ಯೆಯನ್ನು ಇಡುತ್ತದೆ. ಒಂದೊಂದು ಮನೆಯಲ್ಲಿ ಸೊನ್ನೆ ಅಥವಾ ಒಂದು. ಒಂದು ಕಂಬ ಬಾದಾಲದಷ್ಟು ರೂಪಗಳನ್ನು ತಾಳಬಲ್ಲುದು. ಮೂರು ಕಂಬಗಳಾದರೆ ಬಾದಾಲದ ಘನ. ಸೊನ್ನೆಯಿಂದ ಎಣಿಕೆ ಮೊದಲಾಗುವುದರಿಂದ ಕೊನೆಯ ಸಂಖ್ಯೆ ಒಂದು ಕಡಿಮೆ. ಅವರು ನಮ್ಮ ಶಾಸ್ತ್ರವನ್ನು ನೋಡಿ ಹೀಗೆ ಮಾಡಿದರೆಂದು ದಯವಿಟ್ಟು ಯಾರೂ ಹೇಳಬೇಡಿರಿ. ಎರಡನ್ನು ಮೂವತ್ತೆರಡು ಸಲ ಗುಣಿಸಿ ಅದರ ಘನ ಮಾಡಿದವರಿಗೆಲ್ಲ, ಬೆಳಗೊಳದಲ್ಲಿಯೇ ಇರಲಿ, ಅಮೆರಿಕದಲ್ಲಿಯೇ ಇರಲಿ, ಬರುವುದು ಇದೊಂದೇ ಉತ್ತರ.

ಈ ಭಾಷಣವನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವುದಾಗಿ ಸಮಿತಿಯವರು ತಿಳಿಸಿದ್ದಾರೆ. ಅಚ್ಚಿನ ಮನೆಯಲ್ಲಿ ಅಂಕಗಳು ಆಚೀಚೆ ಆಗುವುದುಂಟು. ಓದುವವರು ಮೇಲಿನ ಸಂಖ್ಯೆಯ ಅಂಕಗಳನ್ನು ಒಮ್ಮೆ ಕೂಡಿ ನೋಡಬೇಕು, 127 ಬರಬೇಕು. ಬಲದಿಂದ ಒಂದು ಬಿಟ್ಟು ಒಂದನ್ನು ಕೂಡಿದರೆ 79 ಬರಬೇಕು. ಎರಡೆರಡಾಗಿ ಬಿಡಿಸಿ 97ರ ತಾಳೆ ಮಾಡಿದರೆ ಕೊನೆಗೆ ಒಂದು ಉಳಿಯಬೇಕು. ಬಾರದಿದ್ದರೆ ಸಂಪಾದಕರಿಗೆ ಒಂದು ಕಾಗದ ಬರೆಯಿರಿ.